ಹುಸಿ ಅಲಾರಂ ಆದರೆ ಆಗಲಿ, ಎದ್ದು ಹೊರಡಿ

ಮೂವತ್ತೆರಡನೇ ವಾರದಲ್ಲಿ ಒಂದು ದಿನ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡಿದೆ. ನಾಲ್ಕೂವರೆಗೆ ನಾಚಿಕೊಂಡು ಮನೆಗೆ ವಾಪಸ್ ಬಂದೆ.

ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಸಡಿಲ ಆಗುತ್ತಿತ್ತು. ಮತ್ತೆ ಗಟ್ಟಿ. ನನ್ನ ಗಂಡ ಟೀಶರ್ಟ್ ಉಲ್ಟಾ ಹಾಕಿಕೊಂಡೇ ಕಾರ್ ತೆಗೆದ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟ್ ಕಟ್ಟಿ ನೋಡಿದರು, ಪರೀಕ್ಷೆ ಮಾಡಿದರು, ನೀರು ಕುಡಿಸಿದರು. "ಏನಿಲ್ಲ, ಹುಸಿ ನೋವು. ಮನೆಗೆ ಹೋಗಿ ಮಲಗಿ" ಅಂದರು.

ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿದೆ. "ಇಷ್ಟಕ್ಕೆಲ್ಲಾ ಆಸ್ಪತ್ರೆಗೆ ಓಡ್ತಾರೇನೇ? ನಿನ್ನ ಹೆರೋ ಹಿಂದಿನ ದಿನವೂ ನಾನು ಅಂಗಳದಲ್ಲಿ ಕೊಬ್ಬರಿ ಹರವಿದ್ದೆ" ಅಂದರು. ಅತ್ತೆ ಏನೂ ಅನ್ನಲಿಲ್ಲ, ನಕ್ಕರು ಅಷ್ಟೇ. ಅವರಿಬ್ಬರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ನಾನು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ: ಇನ್ನು ಮೇಲೆ ನೂರಕ್ಕೆ ನೂರು ಖಾತ್ರಿ ಆಗೋವರೆಗೂ ಯಾರನ್ನೂ ಎಬ್ಬಿಸಬಾರದು.

ಇಡೀ ಒಂಬತ್ತು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ದಡ್ಡ ತೀರ್ಮಾನ ಅದು. ಯಾಕೆ ಅಂತ ಹೇಳೋಕೇ ಇದನ್ನು ಬರೀತಿದ್ದೀನಿ.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಹುಟ್ಟೂರು ತಿಪಟೂರು, ಅನ್ನ ಕೊಟ್ಟಿದ್ದು ಬೆಂಗಳೂರು. ಮಗಳಿಗೆ ಈಗ ಐದು ತಿಂಗಳು. ನನ್ನ ಡಾಕ್ಟರ್ ಹೇಳಿದ್ದು, ನಾನು ಅನುಭವಿಸಿದ್ದು, ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನಿಸಿದ್ದು ಎಲ್ಲಾ ಇಲ್ಲಿದೆ. ನಿಮ್ಮ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ಏಳು ತುಂಬಿದ ಮೇಲೆ ಏನೇನಾಗುತ್ತೆ?

ಮನೆಯವರು ತಿಂಗಳ ಲೆಕ್ಕ ಹೇಳ್ತಾರೆ, ಡಾಕ್ಟರ್ ವಾರದ ಲೆಕ್ಕ ಹೇಳ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿದರೆ ಸಿಗುವುದೇ ಡ್ಯೂ ಡೇಟ್. 28ನೇ ವಾರದಿಂದ ಕೊನೆಯ ಹಂತ ಶುರು. ಆಗ ಮಗು ಸುಮಾರು ಒಂದು ಕಿಲೋ ಇರುತ್ತೆ. ಹುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಕಿಲೋ. ಆ ಹನ್ನೆರಡು ವಾರದಲ್ಲಿ ಎಷ್ಟು ಬೆಳೀಬೇಕು ನೋಡಿ! ನಿಮಗೆ ಸುಸ್ತಾಗದೆ ಇನ್ನೇನಾಗುತ್ತೆ?

ಡ್ಯೂ ಡೇಟನ್ನು ನಾನು ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದೆ. ಅದನ್ನು ನೋಡಿ ಡಾಕ್ಟರ್ ಮೇಡಂ ನಕ್ಕರು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು ಮಾತ್ರವಂತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಅದು ಡೆಡ್‌ಲೈನ್ ಅಲ್ಲ, ಎಸ್ಟಿಮೇಟ್. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ಆಗಬಹುದು ಅಂತ ತಯಾರಿ ಇಟ್ಟುಕೊಳ್ಳಬೇಕು.

ಕೊನೆಯ ಮೂರು ತಿಂಗಳ ಕಷ್ಟಗಳಲ್ಲಿ ಬಹಳಷ್ಟು ಮಾಮೂಲಿ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಯಾಕಂದರೆ ಗರ್ಭಕೋಶ ಮೇಲಕ್ಕೆ ಒತ್ತುತ್ತಿರುತ್ತೆ. ಊಟ ಮಾಡಿದ ತಕ್ಷಣ ಎದೆಯುರಿ. ರಾತ್ರಿ ನಾಲ್ಕು ಸಲ ಬಾತ್‌ರೂಮ್. ನಡುರಾತ್ರಿ ಮೀನಖಂಡ ಹಿಡಿದುಕೊಂಡು ಕಣ್ಣಲ್ಲಿ ನೀರು. ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಹಿಡಿಸುವುದಿಲ್ಲ. ಬೆನ್ನುನೋವಿನ ಬಗ್ಗೆ ಹೇಳಲೇಬೇಕಿಲ್ಲ.

ನನಗೆ ಕೆಲಸಕ್ಕೆ ಬಂದದ್ದು ಇಷ್ಟು. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ರಾತ್ರಿ ಊಟಕ್ಕೂ ಮಲಗೋದಕ್ಕೂ ಎರಡು ಗಂಟೆ ಅಂತರ. ಮೀನಖಂಡ ಹಿಡಿದರೆ ಕಾಲು ನೀಡಿ, ಪಾದದ ಬೆರಳುಗಳನ್ನು ನನ್ನ ಕಡೆಗೆ ಎಳೆದುಕೊಳ್ಳುವುದು. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಇನ್ನೊಂದು.

ಮಲಗುವ ಭಂಗಿಯ ಬಗ್ಗೆ ಒಂದು ಮಾತು. 28 ವಾರದ ನಂತರ ಅಂಗಾತ ಮಲಗಬೇಡಿ, ಪಕ್ಕಕ್ಕೆ ತಿರುಗಿ ಮಲಗಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆ ಆಗಬಹುದು. ಹಾಗಂತ ನಿದ್ದೆಯಲ್ಲಿ ಅಂಗಾತ ಆಗಿಬಿಟ್ಟರೆ ಗಾಬರಿ ಬೇಡ. ಎಚ್ಚರ ಆದಾಗ ಮಗ್ಗುಲು ಬದಲಿಸಿ, ಅಷ್ಟೇ.

ಇನ್ನು ಕಬ್ಬಿಣದ ಮಾತ್ರೆ. ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಒಳ್ಳೆ ಸಂಬಳ, ಒಳ್ಳೆ ಊಟ ಇರೋ ನನಗೆಲ್ಲಿ ಬರುತ್ತೆ ಅಂದುಕೊಂಡಿದ್ದೆ. ನನ್ನ ಹಿಮೋಗ್ಲೋಬಿನ್ 9.8 ಇತ್ತು! ಗರ್ಭಿಣಿಯರಿಗೆ 11 ಇರಬೇಕು. ಕಾರಣ ಕೇಳಿದರೆ ನಿಮಗೂ ನಗು ಬರುತ್ತೆ: ದಿನಾ ಮಾತ್ರೆ ನುಂಗುತ್ತಿದ್ದೆ, ಅದರ ಹಿಂದೆಯೇ ಫಿಲ್ಟರ್ ಕಾಫಿ ಕುಡಿಯುತ್ತಿದ್ದೆ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಹಾಗೇ, ಎರಡನ್ನೂ ಒಟ್ಟಿಗೆ ತಗೋಬಾರದು. ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳೋಕೆ ಶುರು ಮಾಡಿದ ಮೇಲೆ ನಿಧಾನಕ್ಕೆ ಏರಿತು.

ಸೀಮಂತ, ಹಸಿರು ಬಳೆ, ಒಂದು ಸಣ್ಣ ಜಗಳ

ಏಳನೇ ತಿಂಗಳಲ್ಲಿ ಸೀಮಂತ ಆಯ್ತು. ಹಸಿರು ಸೀರೆ, ಕೈತುಂಬಾ ಹಸಿರು ಬಳೆ, ಮಡಿಲ ತುಂಬಾ ಕೊಬ್ಬರಿ, ಬೆಲ್ಲ, ಹಣ್ಣು. ಊಟ ಮುಗಿದ ಮೇಲೆ ಅಮ್ಮ ನನ್ನ ಬಟ್ಟೆ ಸೂಟ್‌ಕೇಸಿಗೆ ತುಂಬತೊಡಗಿದರು. ಚೊಚ್ಚಲ ಹೆರಿಗೆ ತವರಿನಲ್ಲಿ. ಅದರಲ್ಲಿ ಕೇಳೋದೇನಿದೆ?

ಕೇಳೋದು ಇತ್ತು. ನನ್ನ ಸ್ಕ್ಯಾನ್, ರಕ್ತಪರೀಕ್ಷೆ, ನನ್ನನ್ನು ಮೊದಲಿಂದ ನೋಡಿದ ಡಾಕ್ಟರ್ ಎಲ್ಲಾ ಬೆಂಗಳೂರಿನಲ್ಲಿ. ಊರು 140 ಕಿಲೋಮೀಟರ್ ದೂರ. ಅಮ್ಮನಿಗೆ ಬೇಜಾರಾಯ್ತು. "ನಾಲ್ಕು ಜನ ಏನಂತಾರೆ, ಮಗಳ ಬಾಣಂತನ ಮಾಡೋಕೂ ಆಗಲಿಲ್ಲ ಅಂತಾರೆ" ಅಂದರು.

ಡಾಕ್ಟರ್ ಮೇಡಂ ಕೊಟ್ಟ ಸಲಹೆ ಸರಳವಾಗಿತ್ತು. "ಊರಿಗೆ ಹೋಗಬೇಡಿ ಅಂತ ನಾನು ಹೇಳಲ್ಲ. ಎಲ್ಲಿ ಹೆರಿಗೆ ಆಗುತ್ತೋ ಅಲ್ಲಿ ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಮಾಡೋಕೆ ಅರಿವಳಿಕೆ ಡಾಕ್ಟರ್ ಸಿಗ್ತಾರಾ, ರಕ್ತ ಸಿಗುತ್ತಾ, ಮಗುವಿಗೆ ಉಸಿರಾಟದ ತೊಂದರೆ ಆದರೆ ನೋಡಿಕೊಳ್ಳುವ ಘಟಕ ಎಷ್ಟು ದೂರ ಇದೆ, ಈ ಮೂರು ಕೇಳಿಕೊಂಡು ಬನ್ನಿ. ಹೋಗೋದಾದರೆ 34 ವಾರದ ಒಳಗೆ ಹೋಗಿ, ಅಲ್ಲಿನ ಡಾಕ್ಟರಿಗೆ ಒಮ್ಮೆ ಎಲ್ಲಾ ಫೈಲ್ ತೋರಿಸಿ."

ನನ್ನ ಗೆಳತಿಯರಲ್ಲಿ ಊರಿಗೆ ಹೋಗಿ ನೆಮ್ಮದಿಯಾಗಿ ಹೆತ್ತವರು ಬೇಕಾದಷ್ಟು ಜನ ಇದ್ದಾರೆ. ನೀವೂ ಈ ಮೂರು ಪ್ರಶ್ನೆ ಕೇಳಿ ತೀರ್ಮಾನ ಮಾಡಿ. ವಿಮಾನದಲ್ಲಿ ಹೋಗಬೇಕಾದವರು ಇನ್ನೂ ಬೇಗ ಯೋಚಿಸಬೇಕು. ಎಂಟನೇ ತಿಂಗಳಿಂದ ಡಾಕ್ಟರ ಪತ್ರ ಕೇಳುತ್ತಾರೆ, 36 ವಾರ ದಾಟಿದರೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದೇ ಇಲ್ಲ.

ನಮ್ಮ ಮನೆಯಲ್ಲಿ ಕೊನೆಗೆ ರಾಜಿ ಆಯ್ತು. ನಾನು ತವರಿಗೆ ಹೋಗುವ ಬದಲು ತವರೇ ನನ್ನ ಹತ್ತಿರ ಬರಬೇಕು ಅಂತ. 35ನೇ ವಾರದಲ್ಲಿ ಅಮ್ಮ ಬರೋದು ಅಂತ ನಿಗದಿ ಆಯ್ತು.

ಆಫೀಸಿನ ಲೆಕ್ಕ

2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಅದರಲ್ಲಿ ಹೆಚ್ಚೆಂದರೆ 8 ವಾರ ಹೆರಿಗೆಗೆ ಮುಂಚೆ ತಗೋಬಹುದು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಆ ಸಂಸ್ಥೆಯಲ್ಲಿ ಕೆಲಸ ಮಾಡಿರಬೇಕು. ಈ ರಜೆಯಲ್ಲಿ ಇರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದರೆ ಖಾಸಗಿ ಕಂಪನಿಗಳಲ್ಲಿ ಗಂಡಂದಿರಿಗೆ ಇಂಥ ಕಾನೂನಿಲ್ಲ, ಕಂಪನಿ ಕೊಟ್ಟಷ್ಟೇ. ನನ್ನ ಗಂಡನಿಗೆ ಸಿಕ್ಕಿದ್ದು ಐದು ದಿನ.

ನಮ್ಮಲ್ಲಿ ಬಹಳಷ್ಟು ಜನ ಮಾಡುವ ಲೆಕ್ಕ ಒಂದೇ: ಹೆರಿಗೆಗೆ ಮುಂಚೆ ರಜೆ ಹಾಕಿದರೆ ಮಗುವಿನ ಜೊತೆಗಿನ ದಿನ ಕಡಿಮೆ ಆಗುತ್ತೆ, ಅದಕ್ಕೇ ಕೊನೆಯ ದಿನದವರೆಗೂ ಕೆಲಸ ಮಾಡೋಣ. ನಾನೂ ಹಾಗೇ 38 ವಾರದವರೆಗೆ ಅಂತ ಪ್ಲಾನ್ ಹಾಕಿದ್ದೆ. ತಪ್ಪು ಅನ್ನಲ್ಲ. ಆದರೆ ಹ್ಯಾಂಡ್‌ಓವರ್ ಮಾತ್ರ 34ನೇ ವಾರಕ್ಕೆ ಮುಗಿಸಿಬಿಡಿ. ನಾಳೆ ನೀವು ಬರದಿದ್ದರೂ ಕೆಲಸ ನಡೆಯುವ ಹಾಗೆ ಇರಲಿ. ರಾತ್ರಿ ಆನ್‌ಕಾಲ್ ಬೇಡ ಅಂತ ಬಾಯಿಬಿಟ್ಟು, ಇಮೇಲಿನಲ್ಲಿ ಹೇಳಿ. ನಾನು ಹೇಳಲಿಲ್ಲ. "ಪ್ರೆಗ್ನೆಂಟ್ ಅಂತ ನೆಪ ಹೇಳ್ತಾಳೆ" ಅಂದುಬಿಟ್ಟರೆ ಅನ್ನೋ ಭಯ.

ಒದೆತ ನಿಂತ ರಾತ್ರಿ

34ನೇ ವಾರ, ಒಂದು ಮಂಗಳವಾರ. ರಿಲೀಸ್ ಇತ್ತು. ಮಧ್ಯಾಹ್ನದಿಂದ ಕಾಲ್ ಮೇಲೆ ಕಾಲ್. ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದಾಗ ಏನೋ ಕೊರತೆ ಅನಿಸಿತು. ನನ್ನ ಮಗಳು ರಾತ್ರಿಪಾಳಿಯವಳು. ಊಟ ಆಗಿ ನಾನು ಮಲಗಿದರೆ ಸಾಕು, ಅವಳ ಕಬಡ್ಡಿ ಶುರು. ಅವತ್ತು ಸದ್ದೇ ಇಲ್ಲ. ಮಧ್ಯಾಹ್ನ ಒದ್ದಿದ್ದಳಾ? ನೆನಪಿಗೆ ಬರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. "ಕೊನೇ ತಿಂಗಳಲ್ಲಿ ಮಗುಗೆ ಒಳಗೆ ಜಾಗ ಇರಲ್ಲ ಕಣೆ, ಆಡೋದು ಕಮ್ಮಿ ಆಗುತ್ತೆ. ಸಕ್ಕರೆ ನೀರು ಕುಡಿದು ಮಲಗು" ಅಂದರು.

ಸಕ್ಕರೆ ನೀರು ಕುಡಿದೆ. ಎಡಮಗ್ಗುಲಿಗೆ ಮಲಗಿ ಎಣಿಸಿದೆ. ಹನ್ನೊಂದೂವರೆ ಆಯ್ತು. ಎರಡು ಸಲ ಸಣ್ಣಗೆ ಮಿಸುಕಿದ ಹಾಗಾಯ್ತು, ಅದೂ ಖಾತ್ರಿ ಇಲ್ಲ. ಹನ್ನೆರಡೂವರೆ. ಗಂಡ ಪಕ್ಕದಲ್ಲಿ ನಿದ್ದೆ. ಎಬ್ಬಿಸಲಾ? ಹೋದ ಸಲದ ಹಾಗೇ ಆದರೆ? "ಮತ್ತೆ ಬಂದ್ರಾ?" ಅಂದರೆ? ನಿಜ ಹೇಳ್ತೀನಿ, ಆ ಹೊತ್ತಿನಲ್ಲಿ ಮಗುವಿಗೆ ಏನಾಗಿರಬಹುದು ಅನ್ನುವುದಕ್ಕಿಂತ ಜನ ಏನಂತಾರೆ ಅನ್ನುವುದರ ಬಗ್ಗೆಯೇ ಹೆಚ್ಚು ಯೋಚಿಸಿದೆ. ಅರ್ಧ ಗಂಟೆ ಹಾಗೇ ಕಳೆದೆ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ನನ್ನ ಕೆಲಸವೇ. ಆಫೀಸಿನಲ್ಲಿ ಆನ್‌ಕಾಲ್ ಇದ್ದಾಗ ಮೂರು ಗಂಟೆಗೆ ಅಲರ್ಟ್ ಬಂದರೆ ಎದ್ದು ನೋಡ್ತೀವಿ. ಹತ್ತರಲ್ಲಿ ಎಂಟು ಸಲ ಏನೂ ಇರಲ್ಲ. ಹಾಗಂತ ಯಾರೂ ಬೈಯಲ್ಲ. ಅಲರ್ಟ್ ನೋಡಿಯೂ ಸುಮ್ಮನೆ ಮಲಗಿದವನಿಗೆ ಮಾತ್ರ ಬೈಗುಳ. ಯಾವುದೋ ಕಂಪನಿಯ ಸರ್ವರಿಗೆ ನಾನು ಕೊಡುವ ಮರ್ಯಾದೆಯನ್ನು ನನ್ನ ಹೊಟ್ಟೆಯಲ್ಲಿರುವ ಮಗುವಿಗೆ ಕೊಡ್ತಿಲ್ಲವಲ್ಲ!

ಗಂಡನನ್ನು ಅಲ್ಲಾಡಿಸಿದೆ. "ಮಗು ಮಿಸುಕಾಡ್ತಿಲ್ಲ ಕಣೋ" ಅಂದೆ. ಅವನು ಒಂದೂ ಪ್ರಶ್ನೆ ಕೇಳಲಿಲ್ಲ. "ನಡಿ" ಅಂದ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು. ಇದಕ್ಕೆ ಎನ್‌ಎಸ್‌ಟಿ ಅಂತಾರೆ. ಒಂದು ಬೆಲ್ಟ್ ಮಗುವಿನ ಎದೆಬಡಿತ ನೋಡುತ್ತೆ, ಇನ್ನೊಂದು ಗರ್ಭಕೋಶ ಬಿಗಿಯೋದನ್ನು ನೋಡುತ್ತೆ. ನೋವಿಲ್ಲ, ಸುಮಾರು 20 ನಿಮಿಷದ ಕೆಲಸ. ಎದೆಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು, ಮಗು ಅಲುಗಿದಾಗ ಏರಬೇಕು. ಮೊದಲ ಹತ್ತು ನಿಮಿಷ ಗೆರೆ ಬಹುತೇಕ ಚಪ್ಪಟೆ ಇತ್ತು. ಸಿಸ್ಟರ್ ಮುಖವನ್ನೇ ನೋಡುತ್ತಾ ಮಲಗಿದ್ದೆ. ಹದಿನೈದನೇ ನಿಮಿಷಕ್ಕೆ ನನ್ನ ಮಗಳು ಎದ್ದಳು. ಎಂಥಾ ಒದೆತ ಅಂದರೆ ಬೆಲ್ಟೇ ಜಾರಿತು!

ನಾನು ಅಳುತ್ತಾ "ಸಾರಿ, ಸುಮ್ಮನೆ ತೊಂದರೆ ಕೊಟ್ಟೆ" ಅಂದೆ. ಆ ಸಿಸ್ಟರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೂರು ಸಲ ಸುಮ್ಮಸುಮ್ಮನೆ ಬನ್ನಿ ಮೇಡಂ. ಬೆಳಗ್ಗೆವರೆಗೂ ಕಾಯ್ತಾ ಕೂತವರನ್ನ ನೋಡೋದೇ ನಮಗೆ ಕಷ್ಟ."

ಬೆಳಗ್ಗೆ ಡಾಕ್ಟರ್ ಮೇಡಂ ವಿವರಿಸಿದರು. ಜಾಗ ಇಲ್ಲ ಅಂತ ಮಗು ಆಡೋದು ಕಮ್ಮಿ ಮಾಡುತ್ತೆ ಅನ್ನೋದು ತಪ್ಪು ತಿಳುವಳಿಕೆ. ಒದೆತದ ರೀತಿ ಬದಲಾಗಬಹುದು, ಗುದ್ದೋದರ ಬದಲು ಹೊರಳಿದ ಹಾಗೆ ಅನಿಸಬಹುದು. ಆದರೆ ಕೊನೆಯ ದಿನದವರೆಗೂ, ನೋವು ಶುರುವಾದ ಮೇಲೂ, ಮಗು ಮಿಸುಕಾಡುತ್ತಲೇ ಇರಬೇಕು. ಹಳಬರು ಮಾಸು ಅನ್ನುತ್ತಾರಲ್ಲ, ಆ ಪ್ಲಾಸೆಂಟಾದಿಂದ ಆಮ್ಲಜನಕ ಸಾಲದೇ ಹೋದರೆ ಮಗು ಮೊದಲು ಮಾಡುವ ಕೆಲಸ ಶಕ್ತಿ ಉಳಿಸಿಕೊಳ್ಳೋದು, ಅಂದರೆ ಆಟ ಕಡಿಮೆ ಮಾಡೋದು.

ಎಣಿಸೋದು ಹೇಗೆ? ಊಟ ಆದ ಮೇಲೆ, ದಿನಾ ಒಂದೇ ಹೊತ್ತಿಗೆ, ಎಡಮಗ್ಗುಲಿಗೆ ಮಲಗಿ. ಒದೆತ, ಹೊರಳಾಟ ಎಲ್ಲಾ ಸೇರಿ ಹತ್ತು ಎಣಿಸಿ. ಸಾಮಾನ್ಯವಾಗಿ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಆಗಿಬಿಡುತ್ತೆ. ಎರಡು ಗಂಟೆಯಾದರೂ ಹತ್ತು ಆಗಲಿಲ್ಲ ಅಂದರೆ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಹತ್ತು ಆದರೂ "ಇದು ನನ್ನ ಮಗುವಿನ ಮಾಮೂಲಿ ಆಟ ಅಲ್ಲ" ಅಂತ ನಿಮಗೆ ಅನಿಸಿದರೆ ಅದೂ ಕಾರಣವೇ. ಮನೆಯಲ್ಲಿ ಎದೆಬಡಿತ ಕೇಳಿಸುವ ಯಂತ್ರ ತಂದು ಧೈರ್ಯ ತಗೋಬೇಡಿ. ನಿಮ್ಮದೇ ರಕ್ತನಾಳದ ಸದ್ದು ಕೇಳಿ ಮೋಸ ಹೋಗಬಹುದು.

ಅಂದ ಹಾಗೆ, ಆ 32ನೇ ವಾರದ ಹುಸಿ ನೋವಿನ ಬಗ್ಗೆಯೂ ಕೇಳಿದೆ. 1872ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅವರ ಹೆಸರಿನಿಂದಲೇ ಅದನ್ನು ಕರೀತಾರೆ. ಹುಸಿ ನೋವಿಗೆ ತಾಳ ಇರಲ್ಲ. ನೀರು ಕುಡಿದು ಮಗ್ಗುಲು ಬದಲಿಸಿದರೆ, ಸ್ವಲ್ಪ ಓಡಾಡಿದರೆ ಕಡಿಮೆ ಆಗುತ್ತೆ. ನಿಜವಾದ ನೋವು ಗಡಿಯಾರದ ಹಾಗೆ ಬರುತ್ತೆ, ಅಂತರ ಕಡಿಮೆ ಆಗ್ತಾ, ಬಲ ಹೆಚ್ಚಾಗ್ತಾ ಹೋಗುತ್ತೆ. ಎಷ್ಟೋ ಜನರಿಗೆ ಸೊಂಟದಿಂದ ಶುರುವಾಗಿ ಮುಂದಕ್ಕೆ ಬರುತ್ತೆ. ದಿನ ತುಂಬಿದ ಮೇಲೆ ಐದು ನಿಮಿಷಕ್ಕೊಂದು ಸಲ, ಒಂದೊಂದು ಒಂದು ನಿಮಿಷ, ಹೀಗೆ ಒಂದು ಗಂಟೆ ಬಂದರೆ ಹೊರಡಬೇಕು. ಆದರೆ 37 ವಾರಕ್ಕೆ ಮುಂಚೆ ಹೊಟ್ಟೆ ಪದೇ ಪದೇ ಬಿಗಿದರೆ ಹುಸಿಯೋ ನಿಜವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ, ತೋರಿಸಲೇಬೇಕು. "ಅವತ್ತು ನೀವು ಬಂದಿದ್ದೇ ಸರಿ" ಅಂದರು ಮೇಡಂ. ಎರಡು ವಾರದ ನಾಚಿಕೆ ಒಂದೇ ಮಾತಿಗೆ ಹೋಯ್ತು.

ತಾಯಿ ಕಾರ್ಡಿನ ಪಾಠ

ನಮ್ಮ ಮನೆಕೆಲಸಕ್ಕೆ ಬರುತ್ತಿದ್ದ ಹುಡುಗಿಯೂ ಆಗ ಆರು ತಿಂಗಳ ಬಸುರಿ. ನನ್ನ ಫೋನಿನಲ್ಲಿ ಮೂರು ಪ್ರೆಗ್ನೆನ್ಸಿ ಆ್ಯಪ್ ಇದ್ದವು. ಮಗು ಈ ವಾರ ಯಾವ ಹಣ್ಣಿನ ಗಾತ್ರ ಅಂತ ದಿನಾ ಹೇಳುತ್ತಿದ್ದವು. ಅವಳ ಹತ್ತಿರ ಇದ್ದದ್ದು ಒಂದು ತಾಯಿ ಕಾರ್ಡ್. ನಾನು ಆ ರಾತ್ರಿಯ ಕಥೆ ಹೇಳಿದಾಗ ಅವಳು, "ಅಯ್ಯೋ ಅಕ್ಕ, ಇದು ನಮ್ಮ ಆಶಾ ಮೇಡಂ ಮೊದಲೇ ಹೇಳಿಕೊಟ್ಟಿದ್ದಾರೆ" ಅಂತ ಅಪಾಯದ ಲಕ್ಷಣಗಳ ಪುಟ ತೆಗೆದು ತೋರಿಸಿದಳು. ಅದರ ಫೋಟೋ ತೆಗೆದುಕೊಂಡೆ, ನಮ್ಮ ಡಾಕ್ಟರ್ ಹೇಳಿದ್ದನ್ನೂ ಸೇರಿಸಿ ಒಂದು ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದೆ. ಇವುಗಳಲ್ಲಿ ಒಂದು ಕಾಣಿಸಿದರೂ ಕಾಯುವಂತಿಲ್ಲ:

- ಮಗುವಿನ ಮಿಸುಕಾಟ ಕಡಿಮೆ ಆಗಿದೆ, ಅಥವಾ ನಿಂತಿದೆ.
- ರಕ್ತ ಹೋಗುತ್ತಿದೆ, ನೋವು ಇರಲಿ ಇಲ್ಲದಿರಲಿ.
- ನೀರು ಒಡೆದಿದೆ, ಅಥವಾ ಸಣ್ಣಗೆ ಸೋರುತ್ತಲೇ ಇದೆ. ಹಸಿರು ಬಣ್ಣ ಇದ್ದರೆ ಇನ್ನೂ ಬೇಗ.
- ಬಿಡದ ತಲೆನೋವು, ಕಣ್ಣು ಮಂಜಾಗೋದು, ಕಣ್ಣ ಮುಂದೆ ಮಿಂಚು.
- ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿಕೊಳ್ಳೋದು.
- ಬಲಗಡೆ ಪಕ್ಕೆಲುಬಿನ ಕೆಳಗೆ ಜೋರು ನೋವು.
- ಅಂಗೈ, ಅಂಗಾಲಿನಲ್ಲಿ ಮೈಮೇಲೆ ಗುಳ್ಳೆ ಇಲ್ಲದೆ ತಡೆಯಲಾಗದ ತುರಿಕೆ, ರಾತ್ರಿ ಹೆಚ್ಚು. ಇದು ಪಿತ್ತಜನಕಾಂಗದ ತೊಂದರೆ ಇರಬಹುದು.
- ಜ್ವರ, ಫಿಟ್ಸ್, ಪ್ರಜ್ಞೆ ತಪ್ಪೋದು.

ಅವಳಿಂದ ಇನ್ನೂ ಕೆಲವು ವಿಷಯ ಗೊತ್ತಾಯ್ತು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿಂದ ಮೇಲಿನ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಔಷಧಿ, ಊಟ ಸಮೇತ ಉಚಿತ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸೂ ಉಚಿತ. ನಿಮ್ಮ ಮನೆಗೋ ಆಫೀಸಿಗೋ ಕೆಲಸಕ್ಕೆ ಬರುವವರಲ್ಲಿ ಬಸುರಿಯರು ಇದ್ದರೆ ಇದನ್ನು ಹೇಳಿ. ತಪಾಸಣೆಯ ದಿನ ರಜೆಯನ್ನೂ ಕೊಡಿ.

ತಲೆನೋವು

35ನೇ ವಾರಕ್ಕೆ ಅಮ್ಮ ಬಂದರು. ಒಂದು ಚೀಲ ತೆಂಗಿನಕಾಯಿ, ರಾಗಿಹಿಟ್ಟು, ಮಗುವಿಗೆ ಹಾಸೋಕೆ ಮೆತ್ತಗಿನ ಹಳೇ ಹತ್ತಿ ಸೀರೆಗಳು. ಫ್ರಿಜ್ ಮೇಲಿನ ಪಟ್ಟಿ ನೋಡಿ, "ಇದೆಲ್ಲಾ ಓದಿಕೊಂಡು ಕೂತರೆ ಹೆದರಿಕೆ ಆಗಲ್ವೇನೇ?" ಅಂದರು. ಆದರೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

37 ವಾರ, 2 ದಿನ. ಗುರುವಾರ ಬೆಳಗ್ಗೆಯಿಂದ ತಲೆನೋವು. "ಲ್ಯಾಪ್‌ಟಾಪ್ ನೋಡಿ ನೋಡಿ ಬಂದಿರೋದು" ಅಂತ ಅಮ್ಮ ಹಣೆಗೆ ಮುಲಾಮು ತಿಕ್ಕಿದರು. ಮಧ್ಯಾಹ್ನವೂ ಹೋಗಲಿಲ್ಲ. ಇನ್ನು ಎರಡು ಮೀಟಿಂಗ್ ಮುಗಿಸಿ ಮಲಗೋಣ ಅಂದುಕೊಂಡೆ. ಕೈ ತೊಳೆಯುವಾಗ ಉಂಗುರ ಬಿಗಿಯಾಗಿತ್ತು, ಸೋಪು ಹಾಕಿದರೂ ಬರಲಿಲ್ಲ. ಬಿಸಿಲಿಗೆ ಅಂತ ಸುಮ್ಮನಾದೆ. ನೋಡಿ, ಅಷ್ಟೆಲ್ಲಾ ಪಾಠ ಕಲಿತ ಮೇಲೂ!

ಕಾಫಿ ಕೊಡೋಕೆ ಬಂದ ಅಮ್ಮ ಕಿಟಕಿಯ ಬೆಳಕಿನಲ್ಲಿ ನನ್ನ ಮುಖ ನೋಡಿ ನಿಂತರು. "ಮುಖ ಯಾಕೋ ಊದಿದ ಹಾಗಿದೆ ಕಣೆ." ಲೋಟ ಮೇಜಿನ ಮೇಲಿಟ್ಟು ಸೀದಾ ಫ್ರಿಜ್ ಹತ್ತಿರ ಹೋದರು, ಪಟ್ಟಿ ನೋಡಿದರು, ಬಂದರು. "ಏಳು, ಹೋಗೋಣ. ಸುಳ್ಳಾದರೆ ಸುಳ್ಳಾಗಲಿ."

ಬಿಪಿ 154/102 ಇತ್ತು. ಮೂತ್ರದಲ್ಲಿ ಪ್ರೊಟೀನ್. ಪ್ರೀಎಕ್ಲಾಂಪ್ಸಿಯಾ ಅಂದರು.

20 ವಾರದ ನಂತರ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಾದರೆ ಇದರ ಅನುಮಾನ ಬರಬೇಕು. ಚೊಚ್ಚಲ ಬಸುರಿಯರಲ್ಲಿ ಹೆಚ್ಚು. ಮೂತ್ರಪಿಂಡ, ಪಿತ್ತಜನಕಾಂಗ, ಮೆದುಳು ಎಲ್ಲದರ ಮೇಲೂ ಹೊಡೆತ ಬೀಳಬಹುದು, ಫಿಟ್ಸ್ ಬರಬಹುದು. ಹಿಂದಿನ ವಾರದ ತಪಾಸಣೆಯಲ್ಲಿ ನನ್ನ ಬಿಪಿ 124/80 ಇತ್ತು. ಅಷ್ಟು ಬೇಗ ಏರಿತ್ತು. ಅದಕ್ಕೇ 28 ವಾರದಿಂದ ಎರಡು ವಾರಕ್ಕೊಮ್ಮೆ, 36ರಿಂದ ವಾರಕ್ಕೊಮ್ಮೆ ಕರೆಯೋದು. "ಹೋದ ಸಲ ಎಲ್ಲಾ ನಾರ್ಮಲ್ ಇತ್ತು" ಅಂತ ಒಂದು ಭೇಟಿ ತಪ್ಪಿಸಿಬಿಡ್ತೀವಲ್ಲ, ಹಾಗೆ ಮಾಡಬೇಡಿ.

"37 ವಾರ ತುಂಬಿದೆ, ಇನ್ನು ಕಾಯೋದು ಬೇಡ" ಅಂದರು ಡಾಕ್ಟರ್. ಇದಕ್ಕೆ ನಿಜವಾದ ಮದ್ದು ಹೆರಿಗೆಯೇ. ಬಿಪಿಗೆ ಔಷಧಿ ಕೊಟ್ಟು, ನೋವು ಬರಿಸಿದರು. ಇಪ್ಪತ್ತು ಗಂಟೆ ಆದ ಮೇಲೆ ಮಗುವಿನ ಎದೆಬಡಿತ ಇಳಿಯತೊಡಗಿದಾಗ ಸಿಸೇರಿಯನ್. 2.6 ಕಿಲೋ. ಹುಟ್ಟಿದ ಕೂಡಲೇ ಇಡೀ ಥಿಯೇಟರ್ ನಡುಗುವ ಹಾಗೆ ಅತ್ತಳು.

ನೋಡೋಕೆ ಬಂದವರೆಲ್ಲಾ ಮೊದಲು ಕೇಳಿದ್ದು "ನಾರ್ಮಲ್ಲಾ, ಸಿಸೇರಿಯನ್ನಾ?" ಅಂತ. ಮೊದಮೊದಲು ಪರೀಕ್ಷೆಯಲ್ಲಿ ಫೇಲಾದವಳ ಹಾಗೆ ಉತ್ತರ ಕೊಡುತ್ತಿದ್ದೆ. ನಾಲ್ಕನೇ ದಿನ ಅಮ್ಮನೇ ಒಬ್ಬರಿಗೆ ಹೇಳಿದರು: "ತಾಯಿ ಮಗು ಇಬ್ಬರೂ ಮನೆಗೆ ಬಂದರಲ್ಲ, ಅದೇ ನಾರ್ಮಲ್."

ಇನ್ನೊಂದು ವಿಷಯ. ಹೆರಿಗೆ ಆದ ತಕ್ಷಣ ಬಿಪಿ ಅಪಾಯ ಮುಗಿಯಲ್ಲ. ಬಾಣಂತನದ ಮೊದಲ ವಾರಗಳಲ್ಲೂ ಏರಬಹುದು. ನಾನು ಆರು ವಾರ ಮಾತ್ರೆ ತಗೊಂಡೆ, ಮನೆಯಲ್ಲೇ ದಿನಾ ಎರಡು ಸಲ ಬಿಪಿ ನೋಡಿಕೊಂಡೆ. ಬಾಣಂತಿಗೆ ಬಿಡದ ತಲೆನೋವು ಬಂದರೆ "ನಿದ್ದೆ ಇಲ್ಲ, ಅದಕ್ಕೇ" ಅಂತ ತಳ್ಳಿಹಾಕಬೇಡಿ.

ಬ್ಯಾಗ್, ಫೈಲ್, ಬೀಗದಕೈ

ಕೊನೆಯದಾಗಿ ತಯಾರಿ. ನನ್ನ ಹೆರಿಗೆ ಎರಡೂವರೆ ವಾರ ಮುಂಚೆ ಆಗಿದ್ದರಿಂದ 35ನೇ ವಾರಕ್ಕೇ ಬ್ಯಾಗ್ ಕಟ್ಟಿದ್ದು ಒಳ್ಳೆದಾಯ್ತು.

ಬ್ಯಾಗಿನಲ್ಲಿ ಮುಂದೆ ತೆರೆಯುವ ಮೂರು ನೈಟಿ, ದೊಡ್ಡ ಪ್ಯಾಡ್, ಮಗುವಿಗೆ ಒಗೆದಿಟ್ಟ ಹತ್ತಿ ಬಟ್ಟೆ, ಟೋಪಿ, ಕಾಲುಚೀಲ, ಉದ್ದ ವೈರಿನ ಚಾರ್ಜರ್, ನಿಮ್ಮ ಜೊತೆ ಇರುವವರಿಗೆ ಒಂದು ಹೊದಿಕೆ. ಫೈಲಿನಲ್ಲಿ ರಕ್ತದ ಗುಂಪು, ಎಲ್ಲಾ ಸ್ಕ್ಯಾನ್, ತಾಯಿ ಕಾರ್ಡ್, ವಿಮೆ ಕಾಗದ, ಗುರುತಿನ ಚೀಟಿ. ಕಂಪನಿ ವಿಮೆಯಲ್ಲಿ ಹೆರಿಗೆಗೆ ಎಷ್ಟು ಮಿತಿ ಇದೆ, ಹುಟ್ಟಿದ ಮಗು ಮೊದಲ ದಿನದಿಂದ ಸೇರುತ್ತಾ ಅಂತ ಮೊದಲೇ ಕೇಳಿಡಿ.

ಗಂಡಂದಿರೇ, ನಿಮಗೂ ಕೆಲಸ ಇದೆ. ಆಸ್ಪತ್ರೆಯ ರಾತ್ರಿ ಬಾಗಿಲು ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಸಂಜೆ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತಾಗುತ್ತೆ ಅಂತ ಲೆಕ್ಕ ಹಾಕಿ. ನೀವು ಆಫೀಸಿನಲ್ಲಿದ್ದರೆ ಯಾರು ಕರೆದುಕೊಂಡು ಹೋಗ್ತಾರೆ ಅಂತ ತೀರ್ಮಾನ ಮಾಡಿ. ಅಪಾಯದ ಪಟ್ಟಿ ನಿಮಗೂ ಬಾಯಿಪಾಠ ಇರಲಿ. ಹೆಂಡತಿ ನಡುರಾತ್ರಿ ಎಬ್ಬಿಸಿದರೆ "ಖಾತ್ರೀನಾ?" ಅಂತ ಮಾತ್ರ ಕೇಳಬೇಡಿ.

ಹೋದ ವಾರ ನಮ್ಮ ಮನೆಕೆಲಸದ ಆ ಹುಡುಗಿ ತನ್ನ ಮಗನನ್ನು ಎತ್ತಿಕೊಂಡು ಬಂದಿದ್ದಳು. ಅವಳೂ ಒಂದು ರಾತ್ರಿ ಹುಸಿ ನೋವಿಗೆ 108ರಲ್ಲಿ ಹೋಗಿ ವಾಪಸ್ ಬಂದಿದ್ದಳಂತೆ. ಅತ್ತೆ ಬೈದರಂತೆ. "ನೀನೇನಂದೆ?" ಅಂತ ಕೇಳಿದೆ.

"ಬೈಸಿಕೊಂಡರೆ ಏನು ಹೋಗುತ್ತೆ ಅಕ್ಕ?" ಅಂದಳು.

ಅಷ್ಟೇ ವಿಷಯ. ನಿಮಗೀಗ ಏಳೋ, ಎಂಟೋ, ಒಂಬತ್ತೋ ತಿಂಗಳಾಗಿದ್ದು, ಮಧ್ಯರಾತ್ರಿ ಏನೋ ಸರಿ ಇಲ್ಲ ಅನಿಸಿದರೆ, ಅಮ್ಮನಿಗೆ, ಗೆಳತಿಗೆ ಫೋನ್ ಮಾಡೋದಕ್ಕೆ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ. ಹುಸಿ ಆದರೆ ನಕ್ಕು ವಾಪಸ್ ಬರೋಣ, ದಾರಿಯಲ್ಲಿ ಬಿಸಿ ಇಡ್ಲಿ ತಿಂದುಕೊಂಡು.